ಮೊದಲ ಸಲ ಒಬ್ಬರೇ ವಿಮಾನ ಹತ್ತುವವರಿಗೆ

ನೆರೆಕರೆಯ ಸರೋಜಕ್ಕ ಮೊನ್ನೆ ಅಡಿಕೆ ಸುಲಿಯುತ್ತಾ ಕೇಳಿದರು: "ಟೀಚರೇ, ನೀವು ಒಬ್ಬರೇ ದೆಹಲಿಗೆ ಹೋಗಿ ಬಂದಿರಲ್ಲ, ಹೆದರಿಕೆ ಆಗಲಿಲ್ವಾ?" ಅವರ ಮಗ ಪುಣೆಯಲ್ಲಿದ್ದಾನೆ, ಟಿಕೆಟ್ ಮಾಡಿ ಕಳಿಸಿದ್ದಾನೆ. ಅವರು ಮಂಗಳೂರಿಗೆ ಕೂಡ ಒಬ್ಬರೇ ಹೋದವರಲ್ಲ. ಬಾಯಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಬರೆದು ಕೊಡುತ್ತೇನೆ ಎಂದೆ. ಬರೆಯಲು ಕೂತರೆ ಇಷ್ಟು ಉದ್ದ ಆಯಿತು. ಅವರಂಥವರು ಇನ್ನೂ ಎಷ್ಟೋ ಜನ ಇರಬಹುದು, ಅವರಿಗೂ ಆಗಲಿ.

ಹೆದರಿಕೆ ಆಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಕನ್ನಡ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ 32 ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳು ನಾನು. ಯಜಮಾನರು ಇದ್ದಾಗ ಎಲ್ಲಿಗೆ ಹೋದರೂ ಟಿಕೆಟ್ ಅವರ ಕೈಯಲ್ಲಿ, ನೀರಿನ ಬಾಟಲಿ ನನ್ನ ಕೈಯಲ್ಲಿ. ಅವರು ಹೋದ ಮೇಲೆ, 2023ರ ಮಾರ್ಚಿನಲ್ಲಿ, ದೆಹಲಿಯಲ್ಲಿರುವ ಮಗಳ ಬಾಣಂತನಕ್ಕೆ ಹೊರಡಬೇಕಾಯಿತು. ತಮ್ಮ ಬರುತ್ತೇನೆ ಎಂದಿದ್ದ. ಅವನ ಹೆಂಡತಿಗೆ ಆಪರೇಷನ್ ಆಯಿತು. ಹಾಗೆ ನನ್ನ 61ನೇ ವಯಸ್ಸಿನಲ್ಲಿ ಒಬ್ಬಳೇ ಹೊರಟೆ.

ನಮ್ಮ ಕಡೆಯವರ ಹೆದರಿಕೆಗೆ ಒಂದು ಕಾರಣ ಇದೆ. 2010ರ ಮೇ 22, ಶನಿವಾರ. ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ಓಡುದಾರಿ (ರನ್‌ವೇ) ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ತೀರಿಹೋದರು. ಅವರಲ್ಲಿ ಕಾಸರಗೋಡಿನವರು ತುಂಬಾ ಜನ. ಆ ದಿನ ಇಡೀ ಊರು ಟಿವಿಯ ಮುಂದೆ ಕೂತಿತ್ತು. ವಿಮಾನ ಎಂದ ಕೂಡಲೇ ಇವತ್ತಿಗೂ ನಮ್ಮವರು ಮೊದಲು ನೆನೆಯುವುದು ಆ ಬೆಳಿಗ್ಗೆಯನ್ನೇ. ಅದನ್ನು ಯಾರೂ ನಿಮ್ಮಿಂದ ತೆಗೆದುಹಾಕಲಾರರು. ಹೆದರಿಕೆ ಪೂರ್ತಿ ಹೋದ ಮೇಲೆ ಹೊರಡುತ್ತೇನೆ ಎಂದು ಕಾಯಬೇಡಿ. ಅದನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಹೆಸರು

ಟಿಕೆಟ್ ಬಂದ ದಿನವೇ ನೋಡಬೇಕಾದ್ದು ಹೆಸರು. ನಮ್ಮ ಕಡೆ ಹೆಸರಿನ ಮುಂದೆ ಇನಿಶಿಯಲ್ ಇರುತ್ತದೆ. ಕೆಲವರದ್ದು ಮನೆಯ ಹೆಸರಿನದ್ದು, ಕೆಲವರದ್ದು ತಂದೆಯದ್ದು. ಶಾಲೆಯ ದಾಖಲೆಯಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಇನ್ನೊಂದು ಥರ. ಟಿಕೆಟ್ ಮಾಡುವ ಫಾರಂ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಕೊಡುತ್ತದೆ. ಮಕ್ಕಳು ಅವಸರದಲ್ಲಿ ತಾವು ಕರೆಯುವ ಹೆಸರನ್ನೇ ಹಾಕಿಬಿಡುತ್ತಾರೆ. ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೆಯೇ ಟಿಕೆಟ್‌ನಲ್ಲೂ ಇರಬೇಕು. ನನ್ನದರಲ್ಲಿ ಒಂದು ಅಕ್ಷರ ತಪ್ಪಿತ್ತು. ಮಗಳು ಫೋನು ಮಾಡಿ ಸರಿ ಮಾಡಿಸಿದಳು. ಅಕ್ಷರ ಕಲಿಸಿದವಳಿಗೆ ಒಂದು ಅಕ್ಷರದ ಬೆಲೆ ಗೊತ್ತು.

ಆಧಾರ್ ಕಾರ್ಡು ಮೂಲದ್ದೇ ಕೈಯಲ್ಲಿರಲಿ. ಟಿಕೆಟ್ ಫೋನಿನಲ್ಲಿದ್ದರೂ ಒಂದು ಕಾಗದದ ಪ್ರತಿ ಇಟ್ಟುಕೊಳ್ಳಿ. ಅದರ ಹಿಂಬದಿಯಲ್ಲಿ ಮಕ್ಕಳ ಫೋನ್ ನಂಬರ್ ಪೆನ್ನಿನಲ್ಲಿ ಬರೆಯಿರಿ. ಫೋನಿನ ಚಾರ್ಜು ಮುಗಿದರೆ ಉಪಯೋಗಕ್ಕೆ ಬರುವುದು ಅದೇ.

ಚೀಲ

ಮಾಮೂಲಿ ದೇಶದೊಳಗಿನ ಟಿಕೆಟ್‌ಗೆ ಕೌಂಟರಿನಲ್ಲಿ ಒಪ್ಪಿಸುವ ಚೀಲ 15 ಕಿಲೋ, ಜೊತೆಗೆ ಒಳಗೆ ಒಯ್ಯುವ ಕೈಚೀಲ 7 ಕಿಲೋ. ನಿಮ್ಮ ಟಿಕೆಟ್‌ನಲ್ಲಿ ಎಷ್ಟು ಬರೆದಿದೆ ನೋಡಿ. ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿ ಇದ್ದರೆ ಅದರಲ್ಲೇ ತೂಗಿ. ನಾನು ಮೊದಲ ಸಲ ತೂಗಿದಾಗ 23 ಕಿಲೋ ಇತ್ತು. ಬಾಣಂತನ ಎಂದರೆ ಸುಮ್ನೆ ಅಲ್ವಲ್ಲ. ಲೇಹ್ಯ, ಹಲಸಿನ ಹಪ್ಪಳ, ಸಾಂತಾಣಿ, ಮಾಂಬಳ, ಮಿಡಿ ಉಪ್ಪಿನಕಾಯಿ, ತೆಂಗಿನೆಣ್ಣೆ, ಎರಡು ಕಿಲೋ ಒಣ ಕೊಬ್ಬರಿ. ಒಂದೊಂದನ್ನೂ ತೆಗೆದಿಡುವಾಗ ಮಗಳಿಗೇ ಕಡಿಮೆ ಮಾಡಿದ ಹಾಗೆ ಅನ್ನಿಸಿತು.

ತೆಂಗಿನ ಊರಿನವರಾದ ನಾವು ಮುಖ್ಯವಾಗಿ ತಿಳಿಯಬೇಕಾದ್ದು ಇದು: ಒಣ ಕೊಬ್ಬರಿಯನ್ನು ಎರಡೂ ಚೀಲದಲ್ಲಿ ಹಾಕಬಾರದು. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹಿಡಿಯುವ ಗುಣ ಇದೆ. ಹಾಗಾಗಿ ವಿಮಾನದಲ್ಲಿ ಅದು ಅಪಾಯದ ವಸ್ತುಗಳ ಪಟ್ಟಿಯಲ್ಲಿದೆ. ಇಡೀ ತೆಂಗಿನಕಾಯಿಯನ್ನೂ ಕೈಚೀಲದಲ್ಲಿ ಬಿಡುವುದಿಲ್ಲ. ಶಬರಿಮಲೆಯ ಇರುಮುಡಿಯ ಕಾಯಿಗೆ ಮಾತ್ರ 2022ರಲ್ಲಿ ಆ ಯಾತ್ರೆಯ ದಿನಗಳ ಮಟ್ಟಿಗೆ ವಿನಾಯಿತಿ ಕೊಟ್ಟಿದ್ದರು. ಕರ್ಪೂರ, ಬೆಂಕಿಪೆಟ್ಟಿಗೆ ಮನೆಯಲ್ಲೇ ಇರಲಿ. ಎಲೆ ಅಡಿಕೆ ತಿನ್ನುವವರು ಅಡಕತ್ತರಿಯನ್ನು ಒಪ್ಪಿಸುವ ಚೀಲದ ಅಡಿಗೆ ಹಾಕಿ. ಉಪ್ಪಿನಕಾಯಿ, ತುಪ್ಪ, ಲೇಹ್ಯ ಇಂಥವೂ ಅದರಲ್ಲೇ. ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಹಾಕಿ, ಹಳೇ ಸೀರೆಯಲ್ಲಿ ಕಟ್ಟಿ. ಎಣ್ಣೆ ಒಯ್ಯಲೇಬೇಕು ಎಂದಿದ್ದರೆ ಕಂಪನಿಗೆ ಮೊದಲೇ ಫೋನು ಮಾಡಿ ಕೇಳಿ. ನಾನು ಬಿಟ್ಟೆ. ತೆಂಗಿನೆಣ್ಣೆ ದೆಹಲಿಯಲ್ಲೂ ಸಿಗುತ್ತದೆ. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ಉಲ್ಟಾ. ಅದು ಕೈಚೀಲದಲ್ಲೇ ಇರಬೇಕು, ಒಪ್ಪಿಸುವ ಚೀಲದಲ್ಲಿ ಹಾಕಬಾರದು.

ಚೀಲದ ಹಿಡಿಗೆ ಕೆಂಪು ಸೀರೆಯ ಸೆರಗಿನ ಒಂದು ತುಂಡು ಕಟ್ಟಿ. ಇಳಿದ ಮೇಲೆ ಚೀಲಗಳು ಬರುವ ಬೆಲ್ಟಿನಲ್ಲಿ ಒಂದೇ ಥರದ ಕಪ್ಪು ಚೀಲ ಹತ್ತಾರು ಬರುತ್ತವೆ. ಕೈಚೀಲದಲ್ಲಿ ಮಾತ್ರೆ, ಕನ್ನಡಕ, ಶಾಲು, ಖಾಲಿ ನೀರಿನ ಬಾಟಲಿ, ಒಂದು ಚಿಕ್ಕ ಡಬ್ಬದಲ್ಲಿ ಒಣ ನೆಲ್ಲಿಕಾಯಿ. ನೆಲ್ಲಿಕಾಯಿ ಯಾಕೆ ಎಂದು ಆಮೇಲೆ ಹೇಳುತ್ತೇನೆ. ನನ್ನದರಲ್ಲಿ ನಮ್ಮ ಮಧೂರು ದೇವಸ್ಥಾನದ ಗಂಧದ ಒಂದು ಪೊಟ್ಟಣವೂ ಇತ್ತು.

ಹೊರಡುವ ದಿನ

ನಮಗೆ ಕಣ್ಣೂರಿನ ವಿಮಾನ ನಿಲ್ದಾಣವೂ ಇದೆ, 2018ರ ಡಿಸೆಂಬರಿನಲ್ಲಿ ಶುರುವಾದದ್ದು. ಆದರೆ ಬದಿಯಡ್ಕ, ಕುಂಬಳೆ, ಮಂಜೇಶ್ವರದವರಿಗೆ ಮಂಗಳೂರೇ ಹತ್ತಿರ. ಕುಂಬಳೆಗೆ ಬಂದು ಹೆದ್ದಾರಿ ಹಿಡಿದರೆ ಉಪ್ಪಳ, ತಲಪಾಡಿ, ನೇತ್ರಾವತಿ ಸೇತುವೆ, ನಂತೂರು, ಕಾವೂರು, ಮರವೂರು. ಹೆದ್ದಾರಿಯಲ್ಲಿ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಹೇಳಲಾಗದು. ವಿಮಾನ ಹೊರಡುವ ಎರಡು ಗಂಟೆ ಮೊದಲು ಅಲ್ಲಿರುವ ಹಾಗೆ ಲೆಕ್ಕ ಹಾಕಿ, ಅದರ ಮೇಲೆ ಒಂದು ಗಂಟೆ ಸೇರಿಸಿ. ಚೀಲ ತೆಗೆದುಕೊಳ್ಳುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ.

ಬೇಗ ಹೋದದ್ದು ನನ್ನನ್ನು ಉಳಿಸಿತು. ಲೇಹ್ಯದ ಭರಣಿಯನ್ನು ಕೈಚೀಲದಲ್ಲಿ ಇಟ್ಟಿದ್ದೆ. ನಾಲ್ಕು ದಿನ ಒಲೆಯ ಮುಂದೆ ಕೂತು ಮಾಡಿದ್ದು, ಕಣ್ಣೆದುರಿಗೇ ಇರಲಿ ಎಂಬ ಆಸೆ. ತಪಾಸಣೆಯಲ್ಲಿ ಅದನ್ನು ತೆಗೆದು ಪಕ್ಕಕ್ಕಿಟ್ಟರು. ಸಮವಸ್ತ್ರದ ಹುಡುಗಿ ಹಿಂದಿಯಲ್ಲಿ ಏನೋ ಹೇಳಿದಳು. ನನ್ನ ಕಣ್ಣಲ್ಲಿ ನೀರು ಬಂತು. ಸುಮ್ನೆ ನಿಂತುಬಿಟ್ಟೆ. ಆಮೇಲೆ ಅವಳೇ ನಿಧಾನವಾಗಿ ಕೈಸನ್ನೆ ಮಾಡಿ ತಿಳಿಸಿದಳು: ಹೊರಗಿನ ಕೌಂಟರಿಗೆ ಹೋಗಿ, ಇನ್ನೂ ಹೊತ್ತಿದೆ, ಒಪ್ಪಿಸುವ ಚೀಲಕ್ಕೆ ಸೇರಿಸಿ. ಕೌಂಟರಿನವರಲ್ಲಿ ಕೇಳಿದೆ. ಭರಣಿಯನ್ನು ಒಂದು ಪೆಟ್ಟಿಗೆಗೆ ಹಾಕಿ ಕಳಿಸಿಕೊಟ್ಟರು. ನಾನು ಬಾಯಿ ಬಿಟ್ಟು ಕೇಳದೆ ಹೋಗಿದ್ದರೆ ಅದು ಅಲ್ಲೇ ಉಳಿಯುತ್ತಿತ್ತು.

ಕೇಳುವುದು

ಕನ್ನಡದಲ್ಲಿ ಕೇಳು ಎಂಬ ಮಾತಿಗೆ ಎರಡು ಅರ್ಥ. ಪ್ರಶ್ನೆ ಕೇಳುವುದೂ ಅದೇ, ಕಿವಿಗೊಟ್ಟು ಕೇಳುವುದೂ ಅದೇ. ಎರಡನೇ ಕ್ಲಾಸಿನ ಮಕ್ಕಳಿಗೆ ಇದನ್ನು ವರ್ಷವರ್ಷವೂ ಕಲಿಸಿದ್ದೆ. ಅದರ ಅರ್ಥ ನನಗೇ ಪೂರ್ತಿ ಆದದ್ದು ಆ ದಿನ.

ಬೆಂಗಳೂರಿನಲ್ಲಿ ವಿಮಾನ ಬದಲಿಸಬೇಕಿತ್ತು. ಮಂಗಳೂರಿನಿಂದಲೇ ವಿಮಾನ ತಡವಾಗಿ ಹೊರಟಿತ್ತು. ಇಳಿಯುವಾಗ ದೆಹಲಿಯ ವಿಮಾನ ಹೋಗಿಯಾಗಿತ್ತು. ದೊಡ್ಡ ಫಲಕದ ಮುಂದೆ ಅರ್ಧ ಗಂಟೆ ನಿಂತೆ. ಯಾರನ್ನಾದರೂ ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ. ಟೀಚರಾಗಿದ್ದವಳು, ಜೀವನವಿಡೀ ಉತ್ತರ ಹೇಳಿ ಅಭ್ಯಾಸ. ಕೊನೆಗೆ ನೆಲ ಒರೆಸುತ್ತಿದ್ದ ಒಬ್ಬ ತಂಗಿಯ ಹತ್ತಿರ ಹೋಗಿ ಕನ್ನಡದಲ್ಲಿ ಹೇಳಿದೆ. ಅವಳು ಕೋಲನ್ನು ಗೋಡೆಗೆ ಒರಗಿಸಿ, "ಬನ್ನಿ ಅಮ್ಮ" ಎಂದು ಕಂಪನಿಯ ಕೌಂಟರಿನ ತನಕ ಕರೆದುಕೊಂಡು ಹೋದಳು. ಎರಡು ಹಾರಾಟವೂ ಒಂದೇ ಟಿಕೆಟ್‌ನಲ್ಲಿದ್ದರೆ ಮುಂದಿನ ವಿಮಾನದಲ್ಲಿ ಜಾಗ ಕೊಡಿಸುವುದು ಕಂಪನಿಯ ಜವಾಬ್ದಾರಿ. ಚೀಲವೂ ನೇರ ದೆಹಲಿಗೇ ಹೋಗುತ್ತದೆ. ಹಾಗಾಗಿ ಮಕ್ಕಳಿಗೆ ಹೇಳಿ, ಬೇರೆ ಬೇರೆ ಟಿಕೆಟ್ ಬೇಡ, ಐನೂರು ರೂಪಾಯಿ ಜಾಸ್ತಿ ಆದರೂ ಒಂದೇ ಟಿಕೆಟ್ ಮಾಡಲಿ.

ಯಾರನ್ನು ಕೇಳಬೇಕು? ನನ್ನ ಅನುಭವದಲ್ಲಿ ಮೊದಲು ಅಲ್ಲಿ ಕೆಲಸ ಮಾಡುವವರನ್ನು. ಕಸ ಗುಡಿಸುವವರು, ಗಾಲಿಕುರ್ಚಿ ತಳ್ಳುವವರು, ಕಾವಲಿನವರು. ದಿನಕ್ಕೆ ಹತ್ತು ಸಲ ಆ ದಾರಿಯಲ್ಲಿ ಓಡಾಡುವವರು ಅವರು. ಮಂಡಿ ನೋವು ಇದ್ದವರು ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ, ಇಲ್ಲದಿದ್ದರೆ 48 ಗಂಟೆ ಮೊದಲಾದರೂ ಕೇಳಿಡಿ. ಅದು ಬೇಕಾದವರಿಗೆ ಇರುವುದು. ನಡೆಯಲು ಆಗುವವರು ದಾರಿ ಗೊತ್ತಿಲ್ಲ ಎಂಬ ಕಾರಣಕ್ಕೆ ಅದನ್ನು ಹಿಡಿಯುವುದು ಸರಿಯಲ್ಲ ಎಂದು ನನಗೆ ಕಾಣುತ್ತದೆ.

ದೆಹಲಿಯ ಮೂರನೇ ಟರ್ಮಿನಲ್ ಒಳಗೆ ನಡೆದಷ್ಟೂ ಮುಗಿಯುವುದಿಲ್ಲ. ರಾತ್ರಿ ಹತ್ತು ಗಂಟೆ. ನನ್ನ ಹಿಂದಿ ಮಕ್ಕಳ ಪಾಠದಷ್ಟೇ. ಒಬ್ಬ ಕಾವಲಿನ ಹುಡುಗನ ಎದೆಯ ಮೇಲಿನ ಹೆಸರು ಓದಿದೆ. ನಮ್ಮ ತೆಂಕಣ ಕಡೆಯ ಮಲಯಾಳಿ ಹೆಸರು. "ಮೋನೇ, ಪುರತ್ತೇಕ್ ಏದು ವಳಿಯಾ?" ಎಂದು ಮಲಯಾಳದಲ್ಲಿ ಕೇಳಿದೆ, ಮಗಾ, ಹೊರಗೆ ಹೋಗುವ ದಾರಿ ಯಾವುದು ಅಂತ. ಅವನ ಮುಖ ಅರಳಿತು. "ಅಮ್ಮೇ, ನಾಟಿಲ್ ಎವಿಡೆಯಾ?" ಎಂದ, ಅಮ್ಮಾ, ಊರಲ್ಲಿ ಎಲ್ಲಿ ಅಂತ. ಕಾಸರಗೋಡು ಎಂದೆ. ಚೀಲದ ಬೆಲ್ಟಿನ ನಂಬರ್ ನೋಡಿ ಹೇಳಿ, ಹೊರಗಿನ ಬಾಗಿಲು ತೋರಿಸಿಕೊಟ್ಟ.

ಮಲಯಾಳ ಕಡ್ಡಾಯ ಮಾಡಿ 2017ರಲ್ಲಿ ಕಾನೂನು ಬಂದಾಗ ಕನ್ನಡ ಶಾಲೆಗಳಿಗಾಗಿ ಕಾಸರಗೋಡಿನಲ್ಲಿ ಬಿಸಿಲಿಗೆ ಕೂತವರಲ್ಲಿ ನಾನೂ ಒಬ್ಬಳು. ನಾಳೆ ಬೇಕಾದರೂ ಕೂರುತ್ತೇನೆ. ಆದರೆ ಆ ರಾತ್ರಿ ನನ್ನ ಕೈ ಹಿಡಿದದ್ದು ಮಲಯಾಳ. ಗಡಿಯಲ್ಲಿ ಹುಟ್ಟಿದ ನಮಗೆ ಕನ್ನಡ, ತುಳು, ಮಲಯಾಳ ಮೂರೂ ಬಾಯಿಗೆ ಬರುತ್ತವೆ. ಒಬ್ಬರೇ ಹೊರಟಾಗ ಅದೊಂದು ದೊಡ್ಡ ಗಂಟು. ಧೈರ್ಯವಾಗಿ ಬಿಚ್ಚಿ ಬಳಸಿ.

ಮೇಲೆ ಹೋದ ಮೇಲೆ

ಈಗ ನೆಲ್ಲಿಕಾಯಿ. ವಿಮಾನ ಏರುವಾಗ, ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಬದಲಾಗಿ ಕಿವಿ ಕಟ್ಟುತ್ತದೆ. ಎಂಜಲು ನುಂಗುತ್ತಾ ಇದ್ದರೆ ಬಿಡುತ್ತದೆ. ಒಂದು ಹೋಳು ಬಾಯಲ್ಲಿಟ್ಟರೆ ಸಾಕು.

ಶಬ್ದಗಳ ವಿಷಯ ಮೊದಲೇ ತಿಳಿದಿರಲಿ. ತಿಳಿದಿದ್ದರೆ ಅರ್ಧ ಹೆದರಿಕೆ ಕಡಿಮೆ. ನೆಲ ಬಿಟ್ಟ ಕೂಡಲೇ ಕೆಳಗಿನಿಂದ ಧಡ್ ಎಂದು ಕೇಳುತ್ತದೆ, ಅದು ಚಕ್ರ ಒಳಗೆ ಮಡಚುವ ಶಬ್ದ. ಸ್ವಲ್ಪ ಹೊತ್ತಿಗೆ ಎಂಜಿನಿನ ಸದ್ದು ತಗ್ಗುತ್ತದೆ, ಬೀಳುತ್ತಿದ್ದೇವೆ ಅನ್ನಿಸುತ್ತದೆ. ಬೀಳುವುದಲ್ಲ. ಏರುವಾಗ ಬೇಕಾದಷ್ಟು ಬಲ ಆಮೇಲೆ ಬೇಡ, ಅದಕ್ಕೆ ತಗ್ಗಿಸುತ್ತಾರೆ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು ಒಂದು ಗಂಟೆ, ನಡುವೆ ಘಟ್ಟ. ಬೆಟ್ಟದ ಮೇಲೆ ಗಾಳಿ ಏಳುತ್ತಾ ಬೀಳುತ್ತಾ ಇರುತ್ತದೆ, ವಿಮಾನವೂ ಅದರ ಜೊತೆ ಕುಲುಕುತ್ತದೆ. ರೆಕ್ಕೆಯ ತುದಿ ಅಲುಗುವುದು ಕಾಣಬಹುದು. ಗಾಳಿಗೆ ಬಾಗುವ ಅಡಿಕೆ ಮರದ ಹಾಗೆ ಅದನ್ನು ಬಾಗಲೆಂದೇ ಮಾಡಿದ್ದಾರೆ. ನೀವು ಮಾಡಬೇಕಾದ್ದು ಬೆಲ್ಟ್ ಬಿಗಿದುಕೊಂಡು ಕೂರುವುದು.

ನನ್ನ ಪಕ್ಕದಲ್ಲಿ ಉಪ್ಪಳದ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಅವರಿಗೂ ಅದು ಮೊದಲ ಹಾರಾಟ. ಅವರು ಕಣ್ಣು ಮುಚ್ಚಿ ಬಿಸ್ಮಿಲ್ಲಾ ಹೇಳುತ್ತಿದ್ದರು, ನಾನು ಮಧೂರಿನ ಗಣಪತಿಯನ್ನು ನೆನೆಯುತ್ತಿದ್ದೆ. ವಿಮಾನ ಕುಲುಕಿದಾಗ ಇಬ್ಬರ ಕೈಯೂ ಒಂದೇ ಸಲ ಇನ್ನೊಂದನ್ನು ಹುಡುಕಿತು. ಬೆಂಗಳೂರಿನ ತನಕ ಬಿಡಲಿಲ್ಲ. ಅವರಿಗೂ ಒಂದು ನೆಲ್ಲಿಕಾಯಿ ಕೊಟ್ಟೆ.

ಮಧೂರಿನಲ್ಲಿ ಮೂಲ ದೇವರು ಶಿವ. ಗಣಪತಿಯನ್ನು ಒಬ್ಬ ಚಿಕ್ಕ ಹುಡುಗ ಆಟಕ್ಕೆ ಗರ್ಭಗುಡಿಯ ಗೋಡೆಯಲ್ಲಿ ಬರೆದನಂತೆ. ಆ ಚಿತ್ರ ದಿನದಿಂದ ದಿನಕ್ಕೆ ದಪ್ಪವಾಗುತ್ತಾ ಬಂತು ಎಂದು ನಮ್ಮ ಕಡೆ ಹೇಳುತ್ತಾರೆ. ಮಕ್ಕಳ ಗೀಟುಗಳನ್ನು 32 ವರ್ಷ ನೋಡಿದ ನನಗೆ ಆ ದೇವರ ಮೇಲೆ ಬೇರೆಯೇ ಪ್ರೀತಿ. ಹೊರಡುವ ಮೊದಲು, ಕ್ಷೇಮವಾಗಿ ಇಳಿಸಿದರೆ ಅಪ್ಪ ಸೇವೆ (ಅಪ್ಪ ಎಂಬ ಸಿಹಿತಿಂಡಿಯ ನೈವೇದ್ಯ) ಮಾಡಿಸುತ್ತೇನೆ ಎಂದು ಹರಕೆ ಹೇಳಿದ್ದೆ. ಮೇಲೆ ಕೂತಾಗ ಅದು ಸರಿ ಕಾಣಲಿಲ್ಲ. ನೂರಾರು ಜನ ಇರುವ ವಿಮಾನದಲ್ಲಿ ನನ್ನೊಬ್ಬಳನ್ನು ಇಳಿಸು ಎಂದು ಕೇಳುವುದು ಹೇಗೆ?

ಆಗ 2010ರ ಅಪಘಾತದ ತನಿಖೆಯ ಬಗ್ಗೆ ಪೇಪರಿನಲ್ಲಿ ಓದಿದ್ದು ನೆನಪಾಯಿತು. ಪೈಲಟ್ ಹಾರಾಟದ ನಡುವೆ ತುಂಬಾ ಹೊತ್ತು ನಿದ್ದೆ ಮಾಡಿ ಎದ್ದಿದ್ದರು, ಆ ಮಂಪರು ಪೂರ್ತಿ ಬಿಟ್ಟಿರಲಿಲ್ಲ ಎಂದು ಅದರಲ್ಲಿತ್ತು. ಪಕ್ಕದಲ್ಲಿದ್ದ ಸಹ ಪೈಲಟ್ ಇಳಿಸುವುದು ಬೇಡ, ಮತ್ತೆ ಮೇಲಕ್ಕೆ ಹೋಗೋಣ ಎಂದು ಮೂರು ಸಲ ಹೇಳಿದ್ದರು. ಆ ಮಾತನ್ನು ಕೇಳಲಿಲ್ಲ. ಯಾರನ್ನೂ ದೂರಲು ನಾನಿದನ್ನು ಬರೆಯುತ್ತಿಲ್ಲ, ಹೋದವರೆಲ್ಲರೂ ನಮ್ಮವರೇ. ಆದರೆ ಅಂದಿನಿಂದ ನನ್ನ ಪ್ರಾರ್ಥನೆ ಬದಲಾಯಿತು. ಬೆಲ್ಟ್ ಹಾಕಿಕೊಂಡ ಮೇಲೆ ನಾನು ಬೇಡುವುದು ಇಷ್ಟು: ಪೈಲಟಿಗೆ ನಿನ್ನೆ ರಾತ್ರಿ ಒಳ್ಳೆಯ ನಿದ್ದೆ ಬಂದಿರಲಿ. ಪಕ್ಕದಲ್ಲಿರುವವರಿಗೆ ಹೇಳುವ ಧೈರ್ಯ ಇರಲಿ. ಹೇಳಿದ್ದು ಅವರ ಕಿವಿಗೆ ಬೀಳಲಿ. ನಿಮಗೆ ಬೇರೆ ಪ್ರಾರ್ಥನೆ ಇರಬಹುದು. ಇದನ್ನೂ ಸೇರಿಸಿಕೊಂಡರೆ ನನಗೆ ಸಂತೋಷ.

ಇಳಿಯುವಾಗ

ಮಗು ಹುಟ್ಟಿ ಮೂರು ತಿಂಗಳಾಗಿ, ಜೂನ್ ಕೊನೆಗೆ ವಾಪಸು ಬಂದೆ. ಮಂಗಳೂರಿನಲ್ಲಿ ಮಳೆ ಎಂದರೆ ಮಳೆ. ನಮ್ಮ ವಿಮಾನ ನಿಲ್ದಾಣ ಗುಡ್ಡದ ತಲೆಯನ್ನು ಮಟ್ಟ ಮಾಡಿ ಕಟ್ಟಿದ್ದು. ಓಡುದಾರಿ 2,450 ಮೀಟರ್, ಅದರಾಚೆ ಕಣಿವೆ. ಕಿಟಕಿಯಿಂದ ಬರೀ ಬಿಳಿ ಮೋಡ. ಚಕ್ರ ಬಿಚ್ಚಿದ ಶಬ್ದ ಕೇಳಿತು. ಒಂದು ಸಲ ಮೋಡ ಹರಿದು ತೆಂಗಿನ ತೋಟ, ಕೆಂಪು ಮಣ್ಣು ಕಂಡಿತು. ಇನ್ನೇನು ಮುಟ್ಟಿತು ಅನ್ನುವಷ್ಟರಲ್ಲಿ ಎಂಜಿನ್ ಗುಡುಗಿತು. ಬೆನ್ನು ಸೀಟಿಗೆ ಒತ್ತಿತು. ವಿಮಾನ ಮತ್ತೆ ಮೇಲಕ್ಕೆ ಹೋಯಿತು.

ಒಳಗೆ ಅಳು ಶುರುವಾಯಿತು. ಹಿಂದಿನಿಂದ ದೇವರೇ, ಅಲ್ಲಾಹ್ ಎಂಬ ಕೂಗು. ಪಕ್ಕದ ಹುಡುಗ, ಇಂಜಿನಿಯರಿಂಗ್ ಓದುವವನು, ಮುಖ ಬೆಳ್ಳಗೆ ಮಾಡಿಕೊಂಡು ನನ್ನನ್ನು ನೋಡಿದ. "ಮಗಾ, ಹೆದರಬೇಡ" ಎಂದೆ. "ಇದು ಅಪಾಯ ಅಲ್ಲ. ಅಪಾಯ ಬೇಡ ಎಂದು ಪೈಲಟ್ ಮೇಲೆ ಕರೆದುಕೊಂಡು ಹೋಗುತ್ತಿದ್ದಾರೆ." ನನ್ನ ಕೈ ತಾನಾಗಿ ಮುಗಿದುಕೊಂಡಿತ್ತು. ಯಾರೋ ಹೇಳಿದ್ದಾರೆ, ಯಾರೋ ಕೇಳಿದ್ದಾರೆ. ಇಡೀ ಪ್ರಯಾಣದಲ್ಲಿ ನನ್ನ ಮನಸ್ಸು ಅಷ್ಟು ಶಾಂತವಾಗಿ ಇದ್ದದ್ದು ಅದೇ ಹೊತ್ತಿನಲ್ಲಿ.

ಹಾಗಾಗಿ ಇಳಿಯುವ ವಿಮಾನ ಮತ್ತೆ ಮೇಲೇರಿದರೆ ಗಾಬರಿ ಬೇಡ. ಓಡುದಾರಿ ಸರಿ ಕಾಣದಿದ್ದರೆ, ಗಾಳಿ ತಿರುಗಿದರೆ, ಮುಟ್ಟುವ ಜಾಗ ತಪ್ಪುತ್ತದೆ ಅನ್ನಿಸಿದರೆ ಹಾಗೆ ಮಾಡಬೇಕೆಂದೇ ಅವರಿಗೆ ಕಲಿಸಿರುತ್ತಾರೆ. ಹದಿನೈದು, ಇಪ್ಪತ್ತು ನಿಮಿಷ ಸುತ್ತಿ ಮತ್ತೆ ಬರುತ್ತಾರೆ. ಇಲ್ಲದಿದ್ದರೆ ಬೇರೆ ಊರಿಗೆ ಒಯ್ದು ಇಳಿಸುತ್ತಾರೆ. ನೆಲ ಮುಟ್ಟುವಾಗ ಮಳೆಯಲ್ಲಿ ಜೋರಾಗಿ ಕುಕ್ಕಿದ ಹಾಗೆ ಆಗಬಹುದು, ಅದೂ ಒಳ್ಳೆಯದಕ್ಕೇ. ನೀರಿನ ಮೇಲೆ ಚಕ್ರ ಜಾರದೆ ನೆಲ ಹಿಡಿಯಲಿ ಎಂದು ಹಾಗೆ ಗಟ್ಟಿಯಾಗಿ ಇಳಿಸುತ್ತಾರೆ. ವಿಮಾನ ನಿಂತು ಬೆಲ್ಟಿನ ದೀಪ ಆರುವ ತನಕ ಏಳಬೇಡಿ. ಬಾಗಿಲಲ್ಲಿ ನಿಂತವರಿಗೆ ಒಂದು ನಮಸ್ಕಾರ ಹೇಳಿ ಹೊರಗೆ ಬನ್ನಿ. ಎರಡನೇ ಸಲ ಬಂದಾಗ ನಮ್ಮದು ಕುಕ್ಕಿಯೇ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ತಮ್ಮ ಹೊರಗೆ ಕೊಡೆ ಹಿಡಿದು ನಿಂತಿದ್ದ. ಅರ್ಧ ಗಂಟೆಯಲ್ಲಿ ಅವನಿಗೆ ಹತ್ತು ವರ್ಷ ಹೆಚ್ಚು ವಯಸ್ಸಾದಂತೆ ಕಂಡಿತು.

ಮುಂದಿನ ಭಾನುವಾರ ಮಧೂರಿಗೆ ಹೋದೆ. ನನ್ನ ಹರಕೆಯ ಅಪ್ಪಕ್ಕೆ ರಶೀದಿ ಮಾಡಿಸಿ, ಇನ್ನೊಂದು ಬರೆಯಿರಿ ಎಂದೆ. ಕೌಂಟರಿನವರು ಪೆನ್ನು ಹಿಡಿದು ಎಂದಿನಂತೆ ಕೇಳಿದರು: "ಹೆಸರು? ನಕ್ಷತ್ರ?"

"ಎರಡೂ ಗೊತ್ತಿಲ್ಲ. ವಿಮಾನದ ಪೈಲಟ್ ಎಂದು ಬರೆಯಿರಿ."

ಅವರು ತಲೆಯೆತ್ತಿ ಒಮ್ಮೆ ನನ್ನ ಮುಖ ನೋಡಿದರು. ಮತ್ತೆ ಏನೂ ಹೇಳದೆ ಹಾಗೆಯೇ ಬರೆದುಕೊಟ್ಟರು.